ಎಂ.ಎಫ್.ಎ.ಗೆ (ಕಲೆಯ ಸ್ನಾತಕೋತ್ತರ ಪದವಿಗೆ) ಹಾಕುವ ಮುಂಚೆ ಪೋರ್ಟ್‌ಫೋಲಿಯೋ ರಿವ್ಯೂ ದಿನಕ್ಕೆ ಹೋಗಬೇಕಾ? ಏನು ಒಯ್ಯಬೇಕು?

ಹಸೆಗೋಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾನು ಸಾಗರದ ಕಡೆಯವಳು. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಬಿ.ವಿ.ಎ. (ಕಲೆಯ ಪದವಿ) ಮಾಡಿದ್ದೆ, ಮುಗಿದು ಏಳು ವರ್ಷ ಆಯಿತು. ಮದುವೆಯಾಗಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ನಾಲ್ಕು ವರ್ಷ, ಗಂಡನ ಕೆಲಸದ ವೀಸಾ ಆಧರಿಸಿದ ಎಚ್-4 ವೀಸಾದಲ್ಲಿದ್ದೇನೆ. ಮಗು ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಮರದಚ್ಚು ಕೊರೆಯುತ್ತೇನೆ, ಊರಿಂದ ತಂದ ಕೆಮ್ಮಣ್ಣು ಕಲಸಿ ಕಾಗದದ ಮೇಲೆ ಬರೆಯುತ್ತೇನೆ. ನಮ್ಮಜ್ಜಿ ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದರು. ಅವರ ತವರುಮನೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ, 1964ರಲ್ಲಿ, ಶರಾವತಿ ಹಿನ್ನೀರಿನಲ್ಲಿ ಮುಳುಗಿತು. ನನ್ನ ಕೆಲಸವೆಲ್ಲ ಆ ಮನೆಯ ಸುತ್ತಲೇ. ನಾನು ಕಣ್ಣಲ್ಲಿ ನೋಡಿಯೇ ಇಲ್ಲದ ಮನೆ.

ಈ ಸಲ ಎಂ.ಎಫ್.ಎ.ಗೆ ಹಾಕಲೇಬೇಕು ಅಂತ ನಿರ್ಧಾರ ಮಾಡಿದ್ದೇನೆ. ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಗ್ರಾಜುಯೇಟ್ ಪೋರ್ಟ್‌ಫೋಲಿಯೋ ಡೇ ಇದೆ. ತುಂಬಾ ಕಾಲೇಜಿನವರು ಒಂದೇ ಕಡೆ ಮೇಜು ಹಾಕಿಕೊಂಡು ಕೂತಿರುತ್ತಾರಂತೆ, ನಮ್ಮ ಕೆಲಸ ನೋಡಿ ಮಾತಾಡುತ್ತಾರಂತೆ. ನನ್ನ ಹೆದರಿಕೆ ಏನೆಂದರೆ, ಅಲ್ಲಿ ಕೆಟ್ಟ ಅಭಿಪ್ರಾಯ ಬಂದುಬಿಟ್ಟರೆ ಆಮೇಲೆ ಅರ್ಜಿ ಹಾಕಿದಾಗ ಅದೇ ನೆನಪಿಟ್ಟುಕೊಳ್ಳುತ್ತಾರಾ? ಮೂಲ ಕೆಲಸಗಳನ್ನೇ ಒಯ್ಯಬೇಕಾ, ಟ್ಯಾಬ್‌ನಲ್ಲಿ ತೋರಿಸಿದರೆ ಸಾಕಾ? ಹಸೆ ಅಂದರೆ ಏನು ಅಂತ ಅವರಿಗೆ ಹತ್ತು ನಿಮಿಷದಲ್ಲಿ ಹೇಗೆ ಹೇಳುವುದು? ಏಳು ವರ್ಷದಿಂದ ಯಾರ ಮುಂದೆಯೂ ಕೆಲಸ ಇಟ್ಟಿಲ್ಲ. ಅದೇ ದೊಡ್ಡ ಭಯ.

ಕಲ್ಲಚ್ಚು

ಹೋಗಿ. ಖಂಡಿತ ಹೋಗಿ.

ನಾನು ಚಿಕಾಗೋದಲ್ಲಿ ಪ್ರಿಂಟ್‌ಮೇಕಿಂಗ್‌ನಲ್ಲಿ ಎಂ.ಎಫ್.ಎ. ಮಾಡಿದ್ದು. ಹಾಕುವ ಮುಂಚೆ ಇಂಥ ದಿನಕ್ಕೆ ಹೋಗಿದ್ದೆ. ಓದುವಾಗ ಎರಡು ಸಲ ಮೇಜಿನ ಆ ಕಡೆ, ನಮ್ಮ ಮೇಡಂ ಪಕ್ಕದಲ್ಲಿ ಕೂತಿದ್ದೆ. ಎರಡೂ ಕಡೆಯಿಂದ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಹೆದರಿಕೆ. ಅಲ್ಲಿ ಯಾರೂ ನಿಮಗೆ ಅಂಕ ಕೊಡುವುದಿಲ್ಲ. ಸೀಟು ಕೊಡುವುದನ್ನು ಆಮೇಲೆ ವಿಭಾಗದ ಸಮಿತಿ ಕೂತು ತೀರ್ಮಾನಿಸುತ್ತದೆ, ಆಗ ಅವರ ಮುಂದೆ ಇರುವುದು ನೀವು ಆನ್‌ಲೈನಿನಲ್ಲಿ ಹಾಕಿದ ಚಿತ್ರಗಳು, ಕೆಲಸದ ಬಗ್ಗೆ ನೀವು ಬರೆದ ಸ್ಟೇಟ್‌ಮೆಂಟ್, ಶಿಫಾರಸು ಪತ್ರಗಳು. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಮೂವತ್ತು ಜನರ ಕೆಲಸ ನೋಡಿರುತ್ತೇವೆ. ನೆನಪಿನಲ್ಲಿ ಉಳಿಯುವುದು ಒಳ್ಳೆಯ ಮಾತುಕತೆ ಮಾತ್ರ. ಇದು ಆ ಕಡೆ ಕೂತವಳಾಗಿ ಹೇಳುತ್ತಿದ್ದೇನೆ.

ಒಂದು ವಿಷಯ ನೋಡಿಕೊಳ್ಳಿ. ನ್ಯಾಷನಲ್ ಪೋರ್ಟ್‌ಫೋಲಿಯೋ ಡೇ ಅಂತ ನಡೆಯುವುದು ಜಾಸ್ತಿ ಹೈಸ್ಕೂಲ್ ಮಕ್ಕಳಿಗೆ, ಬಿ.ಎಫ್.ಎ. ಸೇರುವವರಿಗೆ. ಅಲ್ಲಿಗೆ ಬರುವವರಲ್ಲಿ ಅಡ್ಮಿಷನ್ ಆಫೀಸಿನವರೇ ಹೆಚ್ಚು. ಗ್ರಾಜುಯೇಟ್ ದಿನ ಬೇರೆ. ಅಲ್ಲಿ ಕೂಡ ಯಾವ ಮೇಜಿನಲ್ಲಿ ಪಾಠ ಮಾಡುವವರು ಇದ್ದಾರೆ, ಯಾವುದರಲ್ಲಿ ಆಫೀಸಿನವರು ಇದ್ದಾರೆ ಅಂತ ಕೂರುವ ಮುಂಚೆ ಕೇಳಿ. ತಪ್ಪು ತಿಳಿಯುವುದಿಲ್ಲ. ಆಫೀಸಿನವರ ಹತ್ತಿರ ಕೊನೆಯ ದಿನಾಂಕ, ಫೀಸು, ಸ್ಕಾಲರ್‌ಶಿಪ್ ಕೇಳಿ. ಕೆಲಸದ ಮಾತು ಪಾಠ ಮಾಡುವವರ ಹತ್ತಿರ ಆಡಿ.

ಮೂಲ ಕೆಲಸ ಒಯ್ಯಿರಿ. ಮರದಚ್ಚಿನ ಉಬ್ಬು, ಕಾಗದದ ಹಿಂಬದಿಗೆ ಬಿದ್ದ ಒತ್ತು, ಕೆಮ್ಮಣ್ಣಿನ ತರಿ, ಇವು ಟ್ಯಾಬ್‌ನಲ್ಲಿ ಬರುವುದೇ ಇಲ್ಲ. ರೈಲಿನಲ್ಲಿ ಹೊತ್ತುಕೊಂಡು ಹೋಗುವಷ್ಟು, ಎಂಟು ಹತ್ತು ಸಾಕು. ನಡುವೆ ಬಟರ್ ಪೇಪರ್ ಹಾಕಿ, ಮಣ್ಣಿನ ಕೆಲಸ ಒಂದಕ್ಕೊಂದು ತಿಕ್ಕಿದರೆ ಹೋಯಿತು. ದೊಡ್ಡ ಅಳತೆಯವು, ಗೋಡೆಗೆ ಹಾಕಿದ್ದು ಇದ್ದರೆ ಅವನ್ನು ಟ್ಯಾಬ್‌ನಲ್ಲಿ ಇಟ್ಟುಕೊಳ್ಳಿ, ಫೋಟೋಗಳನ್ನು ಮೊದಲೇ ಇಳಿಸಿಕೊಂಡಿರಿ, ಅಲ್ಲಿನ ವೈಫೈ ನಂಬಬೇಡಿ. ಸ್ಕೆಚ್‌ಬುಕ್ ಒಂದು ಇರಲಿ. ಎಷ್ಟೋ ಸಲ ಮಾತು ಶುರುವಾಗುವುದೇ ಅದರಿಂದ.

ಇನ್ನು ಹಸೆ ಬಗ್ಗೆ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕೆಂದರೆ ನಾನು ಇದೇ ತಪ್ಪು ಮಾಡಿದ್ದೆ. ನನ್ನ ಕೆಲಸ ತೊಗಲುಗೊಂಬೆಗಳ ಮೇಲೆ ಇತ್ತು. ಮೊದಲ ಮೇಜಿನಲ್ಲಿ ಕೂತ ತಕ್ಷಣ ಫೋಲ್ಡರ್ ಬಿಚ್ಚದೆ ತೊಗಲುಗೊಂಬೆ ಅಂದರೆ ಏನು, ಯಾವ ಚರ್ಮ, ಯಾವ ಕತೆ ಅಂತ ಶುರು ಮಾಡಿದೆ. ಆರೇಳು ನಿಮಿಷ ಆಗಿಹೋಯಿತು. ಅವರು ತುಂಬಾ ಪ್ರೀತಿಯಿಂದ ಕೇಳಿಸಿಕೊಂಡರು, ಆಮೇಲೆ ನನ್ನ ಪ್ರಿಂಟುಗಳನ್ನು ಮೂರು ನಿಮಿಷದಲ್ಲಿ ತಿರುವಿದರು, ಚೆನ್ನಾಗಿದೆ ಅಂದರು, ಮುಗಿಯಿತು. ತೊಗಲುಗೊಂಬೆ ಬಗ್ಗೆ ಅವರಿಗೆ ಗೊತ್ತಾಯಿತು, ನನ್ನ ಬಗ್ಗೆ ಏನೂ ಗೊತ್ತಾಗಲಿಲ್ಲ. ಮುಂದಿನ ಮೇಜಿನಲ್ಲಿ ಸುಮ್ಮನೆ ಕೆಲಸ ಹರಡಿ, ‘ಮೊದಲು ನಿಮಗೆ ಏನು ಕಾಣುತ್ತದೆ ಹೇಳಿ’ ಅಂದೆ. ಆಗ ಅವರು ಆಡಿದ ಒಂದು ಮಾತಿನಿಂದ ನನ್ನ ಪೋರ್ಟ್‌ಫೋಲಿಯೋದ ಅರ್ಧ ಬದಲಾಯಿತು.

ನಮ್ಮ ಊರಿನ ಗಂಧವೇ ಇಲ್ಲದ ಒಬ್ಬರು ನಮ್ಮ ಗೆರೆಯನ್ನು ಹೇಗೆ ಓದುತ್ತಾರೆ ಅಂತ ಮನೆಯಲ್ಲಿ ಕೂತು ತಿಳಿಯಲು ಆಗುವುದಿಲ್ಲ. ಅದಕ್ಕೇ ಹೋಗಬೇಕಾದದ್ದು. ಅವರು ಕೇಳಿದ ಮೇಲೆ ಹೇಳಿ: ಅಜ್ಜಿ, ಗೋಡೆ, ನೀರು. ಮೂರು ವಾಕ್ಯ ಸಾಕು.

‘ಯಾರ ಕೆಲಸ ನೋಡುತ್ತೀರಿ’ ಅಂತ ಕೇಳಿಯೇ ಕೇಳುತ್ತಾರೆ. ಅವರು ಕೇಳುತ್ತಾರೆ ಅಂತ ಯಾವುದೋ ಪಾಶ್ಚಾತ್ಯ ಹೆಸರು ಹುಡುಕಬೇಡಿ. ನಿಮ್ಮ ಕೆಲಸ ಓದುತ್ತಿದ್ದಂತೆ ನನಗೆ ಮೊದಲು ನೆನಪಾಗಿದ್ದು ಜರೀನಾ, ಬಿಟ್ಟುಬಂದ ಮನೆಯ ನಕ್ಷೆಗಳನ್ನೇ ಮರದಚ್ಚಿನಲ್ಲಿ ಮಾಡಿದವರು, ನ್ಯೂಯಾರ್ಕಿನಲ್ಲೇ ಬಹಳ ವರ್ಷ ಇದ್ದವರು. ಹಾಗೆಯೇ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಸಗಣಿ, ಕುಂಕುಮ, ಕೂದಲು ಇವನ್ನೆಲ್ಲ ಸಾಮಗ್ರಿ ಮಾಡಿಕೊಂಡವರು. ಊರೂರಿನ ಗೋಡೆ ಚಿತ್ರಗಳ ಫೋಟೋ ತೆಗೆದ ಬರೋಡಾದ ಜ್ಯೋತಿ ಭಟ್ಟರು. ನೀವು ನಿಜವಾಗಿ ನೋಡಿದ್ದರೆ ಮಾತ್ರ ಹೆಸರು ಹೇಳಿ, ಮುಂದಿನ ಪ್ರಶ್ನೆ ಬಂದೇ ಬರುತ್ತದೆ.

ಬಾತಿಗುಡ್ಡ

ಅಕ್ಕ, ನಾನು ದಾವಣಗೆರೆಯಿಂದ ಆನ್‌ಲೈನ್ ರಿವ್ಯೂಗೆ ಸೇರಿದ್ದೆ. ಅದರದ್ದು ಬೇರೆಯೇ ಕಷ್ಟ. ಇಲ್ಲಿಂದ ಪ್ರಯತ್ನಿಸುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನನಗೆ ಸಿಕ್ಕ ಸಮಯ ನವೆಂಬರಿನ ಮೊದಲ ಭಾನುವಾರ. ಅವತ್ತೇ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅವತ್ತಿನಿಂದ ಹತ್ತೂವರೆ. ನನಗೆ ಗೊತ್ತಿರಲಿಲ್ಲ. ಒಂದು ಗಂಟೆ ಮುಂಚೆಯೇ ಲಿಂಕ್ ತೆರೆದು ಕೂತೆ, ಯಾರೂ ಬರಲಿಲ್ಲ, ರದ್ದಾಯಿತು ಅಂದುಕೊಂಡು ಮುಚ್ಚಿಬಿಟ್ಟೆ. ಮಾರನೆಯ ದಿನ ಇಮೇಲ್ ನೋಡಿದರೆ ಅವರು ನನಗಾಗಿ ಕಾದಿದ್ದರು. ತುಂಬಾ ಬೇಜಾರಾಯಿತು. ಬರೆದು ಕೇಳಿಕೊಂಡೆ, ಪಾಪ ಇನ್ನೊಂದು ದಿನ ಸಮಯ ಕೊಟ್ಟರು.

ಆ ಮಾತುಕತೆಯಲ್ಲಿ ಅವರು ಕೇಳಿದ್ದು, ‘ಈ ಹತ್ತು ಪೇಂಟಿಂಗ್‌ನಲ್ಲಿ ನಿನಗೆ ಇನ್ನೂ ಅರ್ಥವಾಗದೇ ಇರುವುದು ಯಾವುದು?’ ನನಗೆ ಉತ್ತರ ಬರಲಿಲ್ಲ. ಕಾಲೇಜಿನಲ್ಲಿ ನಮಗೆ ಯಾವಾಗಲೂ ಯಾವುದು ಚೆನ್ನಾಗಿ ಬಂದಿದೆ ಅಂತಲೇ ಕೇಳುತ್ತಿದ್ದರು. ಆ ಪ್ರಶ್ನೆ ಇಟ್ಟುಕೊಂಡೇ ಒಂದು ವರ್ಷ ಕೆಲಸ ಮಾಡಿದೆ. ಕೊನೆಗೆ ಖರ್ಚಿನ ಲೆಕ್ಕ ಹಾಕಿ ಅಮೆರಿಕಕ್ಕೆ ಹಾಕಲಿಲ್ಲ, ಬರೋಡಾಗೆ ಹಾಕಿದೆ, ಈಗ ಅಲ್ಲೇ ಇದ್ದೇನೆ. ಆದರೂ ಆ ರಿವ್ಯೂ ದಂಡ ಆಯಿತು ಅಂತ ಒಂದು ದಿನವೂ ಅನ್ನಿಸಿಲ್ಲ.

ಇನ್ನೊಂದು ಮಾತು. ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಡಿ. ನಮಗೆ ದೊಡ್ಡವರ ಮುಂದೆ ಸುಮ್ಮನೆ ಒಪ್ಪಿಕೊಳ್ಳುವ ಅಭ್ಯಾಸ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಅಂತ ಹೇಳಿ, ಅವರಿಗೆ ಅದೇ ಬೇಕಾಗಿರುತ್ತದೆ.

ತೆಂಗಿನಗರಿ

ನಾನು ಕಲಾವಿದ ಅಲ್ಲ, ಫಿಲಡೆಲ್ಫಿಯಾದಲ್ಲಿದ್ದೇನೆ, ನನ್ನ ಮಗಳು ಆರ್ಟ್ ಓದುತ್ತಿದ್ದಾಳೆ. ದುಡ್ಡಿನ ವಿಷಯ, ವೀಸಾ ವಿಷಯ ಯಾರೂ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಚ್-4ನಲ್ಲಿ ಓದಬಹುದು ತಂಗಿ, ತೊಂದರೆ ಇಲ್ಲ. ಆದರೆ ಕೆಲಸದ ಪರವಾನಗಿ ಇಲ್ಲದಿದ್ದರೆ ಟೀಚಿಂಗ್ ಅಸಿಸ್ಟೆಂಟ್ ಥರದ ಸಂಬಳದ ಕೆಲಸ ತೆಗೆದುಕೊಳ್ಳುವ ಹಾಗಿಲ್ಲ. ಎಂ.ಎಫ್.ಎ.ಯಲ್ಲಿ ಖರ್ಚು ಇಳಿಯುವುದು ಬಹಳ ಕಡೆ ಅದರಿಂದಲೇ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಂಡರೆ ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯವರೆಗೆ ಮಾಡಬಹುದು. ಇದನ್ನು ಈಗಲೇ ಯೋಚಿಸಿ, ಸೀಟು ಸಿಕ್ಕಿದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ. ವಕೀಲರನ್ನೂ ಒಂದು ಮಾತು ಕೇಳಿ.

ಎರಡನೆಯದು, ಪ್ರತಿ ಮೇಜಿನಲ್ಲೂ ಕೇಳಿ: ನಿಮ್ಮ ಎಂ.ಎಫ್.ಎ. ಮಕ್ಕಳಲ್ಲಿ ಎಷ್ಟು ಜನಕ್ಕೆ ಫೀಸು ಮಾಫಿ ಇದೆ, ಹೊರದೇಶದವರಿಗೂ ಕೊಡುತ್ತೀರಾ, ಎರಡನೆಯ ವರ್ಷಕ್ಕೂ ಮುಂದುವರಿಯುತ್ತದಾ. ಕೇಳಲು ನಾಚಿಕೊಳ್ಳಬೇಡಿ. ಕಾಲೇಜು ಗಟ್ಟಿಯಾಗಿದೆಯಾ ಅಂತಲೂ ವಿಚಾರಿಸಿ. ಇಲ್ಲಿ ನಮ್ಮ ಊರಲ್ಲೇ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಮುಚ್ಚುತ್ತೇವೆ ಅಂತ 2024ರ ಮೇ 31ಕ್ಕೆ ಹೇಳಿ ಜೂನ್ 7ಕ್ಕೆ ಬಾಗಿಲು ಹಾಕಿತು. ಒಂದೇ ವಾರ. 1805ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ಅಕಾಡೆಮಿ ಆಫ್ ದಿ ಫೈನ್ ಆರ್ಟ್ಸ್ ಅದೇ ವರ್ಷ ಡಿಗ್ರಿ ಕೋರ್ಸುಗಳನ್ನು ನಿಲ್ಲಿಸುವುದಾಗಿ ಹೇಳಿತು. ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್ಸ್‌ಟಿಟ್ಯೂಟ್ ಅದಕ್ಕೂ ಮುಂಚೆ, 2022ರಲ್ಲಿ ಹೋಯಿತು. ಹಳೆಯ ಹೆಸರು ಇದೆ ಅಂತ ಕಣ್ಣು ಮುಚ್ಚಿ ಸೇರಬಾರದು. ಆ ಮಕ್ಕಳ ಮುಖ ನಾನು ನೋಡಿದ್ದೇನೆ.

ನೀವು ಎಡಿಸನ್‌ನಲ್ಲಿದ್ದರೆ ರಟ್ಗರ್ಸ್‌ನ ಮೇಸನ್ ಗ್ರೋಸ್ ಕಲಾ ಶಾಲೆ ಪಕ್ಕದಲ್ಲೇ, ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಸರ್ಕಾರಿ ವಿಶ್ವವಿದ್ಯಾಲಯ, ಮಗುವನ್ನು ಬಿಟ್ಟು ದೂರ ಹೋಗುವುದು ಬೇಡ. ಅದರ ಮೇಜು ಇದ್ದರೆ ಮೊದಲು ಅಲ್ಲಿಗೆ ಹೋಗಿ.

ಹಸೆಗೋಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ವೀಸಾ ಮಾತು ನನಗೆ ಹೊಳೆದೇ ಇರಲಿಲ್ಲ. ಹೋಗುತ್ತೇನೆ. ಬಂದು ಬರೆಯುತ್ತೇನೆ.

ಕಲ್ಲಚ್ಚು

ಒಂದು ಮರೆತೆ. ಹೆಸರುವಾಸಿ ಕಾಲೇಜುಗಳ ಮುಂದೆ ಸಾಲು ಉದ್ದ ಇರುತ್ತದೆ. ಬಾಗಿಲು ತೆರೆಯುವ ಮುಂಚೆ ಹೋಗಿ ನಿಲ್ಲಿ, ಆದರೆ ಮೊದಲ ಮಾತುಕತೆ ಸಾಲಿಲ್ಲದ ಮೇಜಿನಲ್ಲಿ ಆಗಲಿ, ನಾಲಿಗೆ ಸಡಿಲವಾಗುತ್ತದೆ. ಪ್ರತಿ ಮಾತುಕತೆ ಮುಗಿದ ತಕ್ಷಣ ಮೂಲೆಯಲ್ಲಿ ನಿಂತು ಅವರ ಮಾತುಗಳನ್ನು ಬರೆದುಕೊಳ್ಳಿ. ಮೂರನೆಯ ಮೇಜಿಗೆ ಹೋಗುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ.

ಹಸೆಗೋಡೆ

ಹೋಗಿ ಬಂದೆ. ನಾಲ್ಕು ಮೇಜು ಆಯಿತು, ಐದನೆಯದಕ್ಕೆ ಸಾಲಿನಲ್ಲಿದ್ದಾಗಲೇ ಸಮಯ ಮುಗಿಯಿತು.

ಅಕ್ಕ ಹೇಳಿದ ಹಾಗೆ ಮೊದಲು ಸುಮ್ಮನೆ ಹರಡಿದೆ. ಕೈ ನಡುಗುತ್ತಿತ್ತು. ಮೊದಲನೆಯವರು ‘ಇದು ಅಲಂಕಾರ, ತುಂಬಾ ಚಂದ’ ಅಂದರು, ಅಷ್ಟಕ್ಕೇ ನಿಲ್ಲಿಸಿದರು. ಒಳಗೆ ಏನೋ ಕುಸಿದ ಹಾಗಾಯಿತು. ಎರಡನೆಯವರು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಒಂದು ಪ್ರಿಂಟ್ ಎತ್ತಿ, ಇಲ್ಲಿ ಗೆರೆ ಯಾಕೆ ನಿಂತುಹೋಗಿದೆ ಅಂತ ಕೇಳಿದರು. ಅಜ್ಜಿಗೆ ವಯಸ್ಸಾದ ಮೇಲೆ ಮನೆಯ ಆ ಮೂಲೆ ನೆನಪಿಗೆ ಬರುತ್ತಿರಲಿಲ್ಲ, ಅಲ್ಲಿಗೆ ಬಂದರೆ ಕೈ ನಿಲ್ಲಿಸಿಬಿಡುತ್ತಿದ್ದರು, ನಾನೂ ಅಲ್ಲೇ ನಿಲ್ಲಿಸಿದೆ ಅಂದೆ. ಅವರು ಹೇಳಿದರು, ನೀನು ತಂದ ಹತ್ತರಲ್ಲಿ ಗೆರೆ ನಿಂತಿರುವುದು ಎರಡರಲ್ಲಿ ಮಾತ್ರ, ಉಳಿದ ಎಂಟರಲ್ಲಿ ಚೌಕಟ್ಟು ತುಂಬಿಸಿದ್ದೀಯ, ಯಾರಿಗೋಸ್ಕರ ತುಂಬಿಸಿದೆ?

ಮನೆಗೆ ಬಂದು ಎಂಟನ್ನೂ ನೆಲದ ಮೇಲೆ ಇಟ್ಟು ನೋಡಿದೆ. ನಿಜ. ಕಾಗದ ಖಾಲಿ ಬಿಡಲು ಧೈರ್ಯ ಸಾಲದೆ ತುಂಬಿಸಿದ್ದೇನೆ.

ಮೂರನೆಯವರು ಅದಕ್ಕೆ ಪೂರ್ತಿ ಉಲ್ಟಾ, ತುಂಬಿದವೇ ಶಕ್ತಿ ಇರುವವು ಅಂದರು. ದಾವಣಗೆರೆ ತಮ್ಮನ ಮಾತು ನೆನಪಾಗಿ, ನನಗೆ ಹಾಗನ್ನಿಸುವುದಿಲ್ಲ ಅಂತ ಹೇಳಿದೆ. ಅವರು ಖುಷಿಯಾಗಿ ಇನ್ನೂ ಐದು ನಿಮಿಷ ಮಾತಾಡಿದರು. ನಾಲ್ಕನೆಯದರಲ್ಲಿ ಬರೀ ಫೀಸಿನ ಮಾತು, ಆ ಕಾಲೇಜನ್ನು ಪಟ್ಟಿಯಿಂದ ತೆಗೆದೆ.

ಎರಡನೆಯವರ ಕಾಲೇಜಿಗೆ ಹಾಕುತ್ತೇನೆ, ರಟ್ಗರ್ಸ್‌ಗೂ. ಕೊನೆಯ ದಿನಾಂಕಕ್ಕೆ ಎರಡು ತಿಂಗಳ ಮೇಲಿದೆ. ನಾಲ್ಕು ಹೊಸ ಹಲಗೆ ತಂದಿದ್ದೇನೆ. ಈಗ ಒಂದೇ ಪ್ರಶ್ನೆ, ಕೆಮ್ಮಣ್ಣಿನ ಕೆಲಸದ ಫೋಟೋ ಫೋನಿನಲ್ಲಿ ತೆಗೆದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದೆ. ಏನು ಮಾಡಲಿ?

ಕಲ್ಲಚ್ಚು

ಓದಿ ಕಣ್ಣು ತುಂಬಿತು. ಆ ಎರಡನ್ನು ಪೋರ್ಟ್‌ಫೋಲಿಯೋದ ಮೊದಲಿಗೇ ಹಾಕಿ.

ಫೋಟೋಗೆ ಮನೆಯ ಹಳದಿ ದೀಪ ಆರಿಸಿಬಿಡಿ. ಮೋಡ ಇರುವ ದಿನ ಕಿಟಕಿ ಹತ್ತಿರ ಗೋಡೆಗೆ ಒರಗಿಸಿಟ್ಟು ತೆಗೆಯಿರಿ. ಪಕ್ಕದಲ್ಲಿ ಒಂದು ಗ್ರೇ ಕಾರ್ಡ್ (ಬಣ್ಣ ಹೋಲಿಸಲು ಇಡುವ ಬೂದು ರಟ್ಟು) ಇಟ್ಟರೆ ಆಮೇಲೆ ಬಣ್ಣ ಸರಿ ಮಾಡಬಹುದು. ದೀಪವೇ ಬೇಕು ಅಂದರೆ ಒಂದೇ ಥರದ ಎರಡು ಬಿಳಿ ದೀಪ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ. ಪ್ರತಿ ಕೆಲಸದ ಜೊತೆ ಹತ್ತಿರದಿಂದ ಒಂದು ಫೋಟೋ ತೆಗೆದಿಡಿ, ಮಣ್ಣಿನ ತರಿ ಕಾಣುವ ಹಾಗೆ. ಎಷ್ಟು ಚಿತ್ರ ಕೇಳಿದ್ದಾರೆ ಅಂತ ಪ್ರತಿ ಕಾಲೇಜಿನದ್ದೂ ಬೇರೆ ಬೇರೆ ನೋಡಿಕೊಳ್ಳಿ. ತೆಗೆದ ಮೇಲೆ ಇಲ್ಲಿ ಹಾಕಿ, ನೋಡುತ್ತೇನೆ.