ಅಪ್‌ಡೇಟ್: ನನ್ನ ವ್ಯಾಂಪೈರ್ ಹುಡುಗಿಯ ಮದುವೆ ಆಯ್ತು!

ಹೋದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ: ನನ್ನ ಕಥೆಯ ವ್ಯಾಂಪೈರ್ ಹುಡುಗಿ ಹಗಲಲ್ಲೇ ಮದುವೆ ಆಗಬೇಕು ಅಂತ ಹಟ ಹಿಡಿದಿದ್ದಾಳೆ, ಬಿಸಿಲಿಗೆ ಸುಟ್ಟು ಹೋಗಲ್ವಾ ಅಂತ. ನಿಮ್ಮ ಮಾತು ಕೇಳಿ ‘ಡ್ರಾಕುಲಾ’ ಮತ್ತೆ ಓದಿದೆ. 1897ರ ಆ ಕಾದಂಬರಿಯಲ್ಲಿ ವ್ಯಾಂಪೈರ್ ಆದ ಕೌಂಟ್ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕುಗ್ಗಿರುತ್ತದೆ. ಬಿಸಿಲಿಗೆ ಸಾಯುವುದು 1922ರ ‘ನೊಸ್ಫೆರಾಟು’ ಸಿನಿಮಾದಿಂದ ಬಂದದ್ದು. ಸರಿ, ಮದುವೆ ಹಗಲಲ್ಲೇ ಇಟ್ಟೆ.

ನಿಜವಾಗಿ ಕಾಡಿದ್ದು ಹೊಸಿಲು. ವ್ಯಾಂಪೈರ್ ಅಲ್ವಾ, ಯಾರಾದರೂ ಕರೆಯದೆ ಅವಳು ಒಳಗೆ ಬರುವಂತಿಲ್ಲ. ಎಲ್ಲರಿಗೂ ಆಮಂತ್ರಣ ಬರೆದವಳು ಅವಳೇ, ಅವಳನ್ನು ಕರೆದವರೇ ಇಲ್ಲ! ಪಾಪ, ಹೂವು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಹುಡುಗ ಎದ್ದು ಬಂದು ‘ಒಳಗೆ ಬಾ’ ಅಂದ. ಆ ಎರಡು ಪದ ಬರೆಯುವಾಗ ನನ್ನ ಕಣ್ಣು ತುಂಬಿ ಬಂತು.

ಚೆಲ್ಲಿದ ಕಾಳನ್ನು ಎಣಿಸಿ ಮುಗಿಸದೆ ವ್ಯಾಂಪೈರ್ ಮುಂದೆ ಹೋಗಲ್ಲ ಅನ್ನೋದು ಯುರೋಪಿನ ಹಳೇ ನಂಬಿಕೆ. ಅದನ್ನೂ ಸೇರಿಸಿದೆ. ಜನ ಹೂವಿನ ಎಸಳು ಎರಚಿದ್ದೇ ತಡ, ಅವಳು ನೆಲದ ಮೇಲೆ ಕೂತು ಎಣಿಸತೊಡಗಿದಳು. ಅವನೂ ಪಕ್ಕದಲ್ಲಿ ಮಂಡಿಯೂರಿ, ‘ಈ ಕಡೆಯಿಂದ ನಾನು ಎಣಿಸ್ತೀನಿ’ ಅಂದ. ಕಥೆ ಅಲ್ಲಿಗೇ ಮುಗಿಸಿದೆ.