ಬೊಜ್ಜಿನ ಇಲಿಗಳ ರಕ್ತನಾಳ ಹಾಳಾಗಿದೆ ಅಂತ ಒಂದು ಪೇಪರ್, ನಾರ್ಮಲ್ ಅಂತ ಇನ್ನೊಂದು, ಯಾವ್ದನ್ನ ನಂಬೋದು?

ಸೆಮಿನಾರ್_ಸಂಕಟ:
ಎಲ್ರಿಗೂ ನಮಸ್ಕಾರ. ಬೊಜ್ಜು, ಮೆಟಬಾಲಿಕ್ ಸಿಂಡ್ರೋಮ್ (ಬೊಜ್ಜು, ಬಿಪಿ, ಸಕ್ಕರೆ, ಕೊಬ್ಬಿನ ತೊಂದರೆ ಒಟ್ಟಿಗೆ ಬರೋದು) ಬಂದ ಪ್ರಾಣಿಗಳಲ್ಲಿ ರಕ್ತನಾಳ ಏನಾಗತ್ತೆ ಅಂತ ಸೆಮಿನಾರ್ ಕೊಡ್ಬೇಕು, ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಶೇ. 60ರಷ್ಟು ಕ್ಯಾಲೊರಿ ಕೊಬ್ಬಿಂದಲೇ ಬರೋ ಡಯಟ್ ತಿಂದ ಮೌಸ್‌ನ ಅಯೋರ್ಟಾಗೆ (ಹೃದಯದಿಂದ ಹೊರಡೋ ಮಹಾಧಮನಿ) ಅಸಿಟೈಲ್‌ಕೋಲಿನ್ (ಒಳಪದರದ ಮೂಲಕ ನಾಳ ಸಡಿಲ ಮಾಡೋ ರಾಸಾಯನಿಕ) ಹಾಕಿದ್ರೆ ಚೆನ್ನಾಗೇ ಸಡಿಲ ಆಗತ್ತೆ ಅಂತ ಒಬ್ಬರು, ಅದೇ ತಳಿ ಅದೇ ಡಯಟ್ ಆದ್ರೆ ಕರುಳಿನ ಹತ್ರದ ಸಣ್ಣ ನಾಳ ಸರಿಯಾಗಿ ಸಡಿಲ ಆಗಲ್ಲ ಅಂತ ಇನ್ನೊಬ್ಬರು. ಸಾಲದ್ದಕ್ಕೆ ಝುಕರ್ ರ್ಯಾಟ್, ಓಬಿ-ಓಬಿ ಮೌಸ್ (ಎರಡೂ ಜೀನ್ ದೋಷದಿಂದ ದಪ್ಪ ಆಗೋ ತಳಿಗಳು), ಹಂದಿ ಬೇರೆ. ಇದ್ರಲ್ಲಿ ಯಾವ್ದು ಸರಿ?

ಮಯೋಗ್ರಾಫ್_ಮಂಜ:
ಎರಡೂ ಸರಿ ಇರಬಹುದು, ನಾಳಗಳೇ ಬೇರೆ ಬೇರೆ ಅಲ್ವಾ. ಅಯೋರ್ಟಾ ದೊಡ್ಡ ಪೈಪು, ಅಲ್ಲಿ ಒಳಪದರ (ಎಂಡೋಥೀಲಿಯಂ) ಹೆಚ್ಚುಕಮ್ಮಿ ನೈಟ್ರಿಕ್ ಆಕ್ಸೈಡ್ ಅನ್ನೋ ಗ್ಯಾಸ್ ಒಂದರಿಂದಲೇ ನಾಳವನ್ನ ಸಡಿಲ ಮಾಡತ್ತೆ. ಬಿಪಿ ನಿರ್ಧಾರ ಆಗೋದು 200-300 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ನಾಳಗಳಲ್ಲಿ, ಅಲ್ಲಿ ಸಡಿಲಗೊಳಿಸೋಕೆ ಬೇರೆ ದಾರಿಗಳೂ ಇವೆ, ಹಾಳಾಗೋ ರೀತಿನೂ ಬೇರೆ. ಬೊಜ್ಜಲ್ಲಿ ಸೂಪರ್ಆಕ್ಸೈಡ್ (ಆಕ್ಸಿಜನ್‌ನ ಒಂದು ಚುರುಕು ರೂಪ) ಜಾಸ್ತಿಯಾಗಿ ನೈಟ್ರಿಕ್ ಆಕ್ಸೈಡ್‌ನ ಹುಟ್ಟಿದ ಜಾಗದಲ್ಲೇ ನುಂಗಿ ಪೆರಾಕ್ಸಿನೈಟ್ರೈಟ್ ಅನ್ನೋ ಬೇರೆ ವಸ್ತು ಮಾಡತ್ತೆ, ಅಂದ್ರೆ ನೈಟ್ರಿಕ್ ಆಕ್ಸೈಡ್ ತಯಾರಿಸೋ ಎಂಜೈಮ್ ಇದ್ರೂ ಕೆಲಸಕ್ಕೆ ಸಿಗೋ ಗ್ಯಾಸ್ ಕಮ್ಮಿ.

ಆದ್ರೆ ನೀವು ಮೊದಲು ನೋಡ್ಬೇಕಿರೋದು ಪೇಪರ್‌ನ ಮೆಥಡ್ಸ್ (ಪ್ರಯೋಗ ಮಾಡಿದ ವಿಧಾನ) ಭಾಗದ ಒಂದೇ ಸಾಲು: "ಸುತ್ತಲಿನ ಕೊಬ್ಬನ್ನು ತೆಗೆದು ಸ್ವಚ್ಛ ಮಾಡಲಾಯಿತು." ನಾಳನ ತಣ್ಣಗಿನ ದ್ರಾವಣದಲ್ಲಿ ಇಟ್ಕೊಂಡು ಮೈಕ್ರೋಸ್ಕೋಪ್ ಕೆಳಗೆ ಸಣ್ಣ ಕತ್ತರಿಯಿಂದ ಕೊಬ್ಬು ಬಿಡಿಸ್ತಾ ಕೂರ್ತೀವಿ, ಎಳೆದ್ರೆ ಒಳಪದರ ಹೋಯ್ತು, ಹುಷಾರಾಗಿ ಬಿಡಿಸಿ ಎಳೆತ ಅಳೆಯೋ ಮಯೋಗ್ರಾಫ್ ಯಂತ್ರದ ಎರಡು ತೆಳು ತಂತಿಗೆ ಸಿಗಿಸ್ತೀವಿ, ಫಿನೈಲ್‌ಎಫ್ರಿನ್ ಅನ್ನೋ ಔಷಧಿ ಕೊಟ್ಟು ಬಿಗಿ ಮಾಡಿ ಆಮೇಲೆ ಅಸಿಟೈಲ್‌ಕೋಲಿನ್. ತಮಾಷೆ ಏನಪ್ಪಾ ಅಂದ್ರೆ, ಬೊಜ್ಜಿನ ಮೇಲೆ ಸ್ಟಡಿ ಮಾಡ್ತಾ ನಾಳಕ್ಕೆ ಅಂಟಿರೋ ಬೊಜ್ಜನ್ನೇ ಕಸದ ಡಬ್ಬಿಗೆ ಹಾಕಿರ್ತೀವಿ! 1991ರಲ್ಲೇ ಸೋಲ್ಟಿಸ್, ಕ್ಯಾಸಿಸ್ ಅನ್ನೋರು ರ್ಯಾಟ್ ಅಯೋರ್ಟಾದಲ್ಲಿ ತೋರಿಸಿದ್ರು, ಆ ಕೊಬ್ಬು ಇದ್ರೆ ನಾಳ ಬಿಗಿ ಮಾಡೋ ನಾರ್‌ಎಪಿನೆಫ್ರಿನ್‌ಗೆ ನಾಳ ಅಷ್ಟು ಬಿಗಿ ಆಗಲ್ಲ ಅಂತ. ಆರೋಗ್ಯವಂತ ಪ್ರಾಣಿಯಲ್ಲಿ ಆ ಕೊಬ್ಬು ಅಡಿಪೋನೆಕ್ಟಿನ್ ಥರದ ಹಾರ್ಮೋನು ಬಿಟ್ಟು ನಾಳನ ಕಾಪಾಡತ್ತೆ, ಬೊಜ್ಜು ಬಂದಾಗ ಕೊಬ್ಬಿನ ಕೋಶ ಊದಿಕೊಂಡು ಆಕ್ಸಿಜನ್ ಸಾಲದೆ ಉರಿಯೂತ ಶುರುವಾಗಿ ಆ ರಕ್ಷಣೆ ಹೋಗತ್ತೆ. ಹಾಗಾಗಿ ಬರೀ ಅಯೋರ್ಟಾ, ಅದೂ ಕೊಬ್ಬು ಕೆರೆದದ್ದು, ನೋಡಿ "ಏನೂ ಆಗಿಲ್ಲ" ಅನ್ನೋದನ್ನ ನಾನಂತೂ ಒಪ್ಪಲ್ಲ.

ಲೆಪ್ಟಿನ್_ಲಾಯರ್:
ಮಂಜ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಪ್ರಾಣಿ ಯಾವ್ದು ಅನ್ನೋದೂ ಅಷ್ಟೇ ಮುಖ್ಯ. ಓಬಿ-ಓಬಿ ಮೌಸ್‌ಗೆ ಲೆಪ್ಟಿನ್ನೇ (ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳೋ, ಕೊಬ್ಬಿಂದ ಬರೋ ಹಾರ್ಮೋನು) ಇಲ್ಲ, ಝುಕರ್ ರ್ಯಾಟ್‌ಗೆ ಲೆಪ್ಟಿನ್ ಬೇಕಾದಷ್ಟಿದೆ ಆದ್ರೆ ರಿಸೆಪ್ಟರ್ ಕೆಟ್ಟಿದೆ. ಲೆಪ್ಟಿನ್ ಬಿಪಿ ಏರಿಸೋ ಸಿಂಪಥೆಟಿಕ್ ನರಗಳನ್ನ ಚುರುಕು ಮಾಡೋ ಹಾರ್ಮೋನು, ಅದಕ್ಕೇ ಓಬಿ-ಓಬಿ ಅಷ್ಟು ದಪ್ಪ ಇದ್ರೂ ಬಿಪಿ ಏರಲ್ಲ, ಇದನ್ನ ನೋಡಿ "ಬೊಜ್ಜಿಗೂ ಬಿಪಿಗೂ ಸಂಬಂಧ ಇಲ್ಲ" ಅಂದ್ಬಿಟ್ರೆ ಕಥೆ ಮುಗೀತು. ಝುಕರ್‌ನಲ್ಲಿ ಗಮನಿಸಬೇಕಾದ್ದು ಸ್ನಾಯುವಿನ ಒಳಗಿನ ಸಣ್ಣ ನಾಳಗಳ ಸಂಖ್ಯೆನೇ ಕಮ್ಮಿ ಆಗೋದು, ಉಳಿದ ನಾಳಗಳು ಎಷ್ಟು ಸಡಿಲ ಆದ್ರೂ ಓಡುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಮುಟ್ಟಲ್ಲ. ಇದು ತಂತಿಗೆ ಸಿಗಿಸಿದ ಒಂದು ತುಂಡು ನಾಳದಲ್ಲಿ ಕಾಣೋದೇ ಇಲ್ಲ.

ಹಂದಿ_ಪಕ್ಷ:
ಪ್ಲಾಕ್ (ನಾಳದ ಗೋಡೆಯಲ್ಲಿ ಕಟ್ಟೋ ಕೊಬ್ಬಿನ ಗಡ್ಡೆ) ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ? ಮಾಮೂಲಿ ಮೌಸ್ ಎಷ್ಟು ದಪ್ಪ ಆದ್ರೂ ಪ್ಲಾಕ್ ಕಟ್ಟೋದು ಕಷ್ಟ, ಅದರ ಕೊಲೆಸ್ಟ್ರಾಲ್ ಬಹುಪಾಲು ಎಚ್‌ಡಿಎಲ್‌ನಲ್ಲೇ (ಒಳ್ಳೆ ಕೊಲೆಸ್ಟ್ರಾಲ್) ಇರತ್ತೆ, ಅದಕ್ಕೇ ರಕ್ತದಿಂದ ಕೊಲೆಸ್ಟ್ರಾಲ್ ತೆಗೆಯೋಕೆ ಬೇಕಾದ ಅಪೋಇ ಅಥವಾ ಎಲ್‌ಡಿಎಲ್ ರಿಸೆಪ್ಟರ್ ಜೀನ್ ತೆಗೆದ ಇಲಿ ಬಳಸೋದು. ಹೃದಯದ ನಾಳ ನೋಡ್ಬೇಕು ಅಂದ್ರೆ ಅಮೆರಿಕದ ಜಾರ್ಜಿಯಾ ಕರಾವಳಿಯ ಒಸಾಬಾ ದ್ವೀಪದ ಹಂದಿ ತಳಿ ಓದಿ. ದ್ವೀಪದಲ್ಲಿ ಕೆಲವು ಕಾಲ ಮೇವೇ ಸಿಗ್ತಿರಲಿಲ್ಲ, ಸಿಕ್ಕಾಗ ಕೊಬ್ಬು ಶೇಖರಿಸಿಕೊಂಡವು ಬದುಕಿದ್ವು ಅಂತಾರೆ. ಕೊಬ್ಬು, ಕೊಲೆಸ್ಟ್ರಾಲ್, ಫ್ರಕ್ಟೋಸ್ ಇರೋ ಮೇವು ಹೆಚ್ಚಿಗೆ ಕೊಟ್ರೆ ಬೊಜ್ಜು, ಇನ್ಸುಲಿನ್ ರೆಸಿಸ್ಟೆನ್ಸ್, ಬಿಪಿ, ಕೊರೊನರಿ (ಹೃದಯದ ನಾಳದ) ಪ್ಲಾಕ್ ಎಲ್ಲಾ ಒಂದೇ ಪ್ರಾಣಿಯಲ್ಲಿ. ಖರ್ಚು ಮಾತ್ರ ಕೇಳ್ಬೇಡಿ.

ಸೆಮಿನಾರ್_ಸಂಕಟ:
ಎಲ್ರಿಗೂ ಥ್ಯಾಂಕ್ಸ್! ನಾರ್ಮಲ್ ಅಂದ ಪೇಪರ್ ತೆಗೆದು ನೋಡಿದೆ, ಕೊಬ್ಬು ತೆಗೆದೇ ಇದಾರೆ. ಇನ್ನೊಂದು ಡೌಟು, ಈ ಪ್ರಯೋಗಗಳಲ್ಲಿ ಅಸಿಟೈಲ್‌ಕೋಲಿನ್ ಜೊತೆಗೆ ಸೋಡಿಯಂ ನೈಟ್ರೊಪ್ರಸ್ಸೈಡ್ ಬೇರೆ ಯಾಕೆ ಹಾಕ್ತಾರೆ?

ಮಯೋಗ್ರಾಫ್_ಮಂಜ:
ಅದು ಒಳಪದರದ ಹಂಗಿಲ್ಲದೆ ತಾನೇ ನೈಟ್ರಿಕ್ ಆಕ್ಸೈಡ್ ಕೊಡತ್ತೆ. ಅದಕ್ಕೆ ಸಡಿಲ ಆಗಿ ಅಸಿಟೈಲ್‌ಕೋಲಿನ್‌ಗೆ ಆಗ್ಲಿಲ್ಲ ಅಂದ್ರೆ ತೊಂದರೆ ಒಳಪದರದ ಕಡೆ, ಎರಡಕ್ಕೂ ಆಗ್ಲಿಲ್ಲ ಅಂದ್ರೆ ಸ್ನಾಯು ಪದರದ್ದೇ ತಕರಾರು ಇರಬಹುದು. ನೈಟ್ರೊಪ್ರಸ್ಸೈಡ್‌ಗೆ ನಾಳ ಎಷ್ಟು ಸಡಿಲ ಆಯ್ತು ಅನ್ನೋ ಕರ್ವ್ (ಗ್ರಾಫ್) ಹಾಕದ ಪೇಪರ್‌ನ ಸೆಮಿನಾರಲ್ಲಿ ತೋರಿಸ್ಬೇಡಿ, ಕೇಳೋರು ಮೊದಲ ಪ್ರಶ್ನೆಯೇ ಇದನ್ನ ಕೇಳ್ತಾರೆ.