ಕೋಲ್ಡ್ ಏರ್ ಇಂಟೇಕ್ ಪೈಪ್ ಒಳಗೆ ನೀರಿನ ಹನಿ. ಗಾಡಿ ಸ್ಟಾರ್ಟ್ ಮಾಡಬಹುದಾ?

ಬಂಪರ್ ಭೀಮ:
ನಮಸ್ಕಾರ. ನನ್ನದು 1.5 ಲೀಟರ್ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಕಂಪನಿಯ ಏರ್ ಬಾಕ್ಸ್ ತೆಗೆಸಿ ಹೊರಗಿನ ಕೋಲ್ಡ್ ಏರ್ ಇಂಟೇಕ್ (ಎಂಜಿನ್‌ಗೆ ಹೊರಗಿನ ತಣ್ಣನೆ ಗಾಳಿ ತರುವ ಪೈಪ್ ಮತ್ತು ಫಿಲ್ಟರ್) ಹಾಕಿಸಿದ್ದೇನೆ. ಪೈಪ್ ಉದ್ದಕ್ಕೆ ಕೆಳಗಿಳಿದು, ಫಿಲ್ಟರ್ ಬಂಪರ್ ಹಿಂದೆ ಫಾಗ್ ಲ್ಯಾಂಪ್ ಪಕ್ಕದಲ್ಲಿ ಕೂತಿದೆ. ನಿನ್ನೆ ರಾತ್ರಿ ಜೋರು ಮಳೆ. ದಾರಿಯಲ್ಲಿ ತಗ್ಗಿನಲ್ಲಿ ನೀರು ನಿಂತಿತ್ತು, ಚಕ್ರದ ಅರ್ಧದಷ್ಟೂ ಇರಲಿಲ್ಲ, ದಾಟಿಸಿದೆ. ದಾಟಿದ ಮೇಲೆ ಸ್ವಲ್ಪ ಹೊತ್ತು ಜರ್ಕ್ ಹೊಡೆಯಿತು, ಚೆಕ್ ಎಂಜಿನ್ ಲೈಟ್ ಬಂತು. ಆಮೇಲೆ ಜರ್ಕ್ ತಾನಾಗಿಯೇ ನಿಂತು ಮನೆ ತನಕ ಸರಿಯಾಗಿಯೇ ಓಡಿತು, ಲೈಟ್ ಮಾತ್ರ ಹೋಗಿಲ್ಲ.

ಬೆಳಿಗ್ಗೆ ಬಗ್ಗಿ ನೋಡಿದರೆ ಫಿಲ್ಟರ್‌ನ ಕೆಳಗಿನ ಅರ್ಧ ಪೂರ್ತಿ ಒದ್ದೆ, ಮಡಿಕೆಗಳ ಸಂದಿಯಲ್ಲಿ ಮರಳಿನ ಕಣ. ಫಿಲ್ಟರ್ ಕಳಚಿ ಪೈಪ್ ಒಳಗೆ ಬೆರಳು ಹಾಕಿದೆ, ಗೋಡೆಗೆ ಸಣ್ಣ ಸಣ್ಣ ಹನಿ ಅಂಟಿಕೊಂಡಿವೆ. ಎಂಜಿನ್ ಒಳಗೂ ನೀರು ಹೋಗಿರುತ್ತದಾ? ಈಗ ಸ್ಟಾರ್ಟ್ ಮಾಡಲಾ ಬೇಡವಾ?

ಹಳೇ ಸ್ಪ್ಯಾನರ್:
ಇನ್ನೂ ಸೆಲ್ಫ್ ಹೊಡೆದಿಲ್ಲ ತಾನೆ? ಹೊಡೆಯಬೇಡಿ. ನೀರು ದಾಟಿದ ಮೇಲೂ ಮನೆ ತನಕ ಸರಿಯಾಗಿ ಓಡಿದೆ ಅಂದರೆ ಎಂಜಿನ್‌ಗೆ ಏನೂ ಆಗಿಲ್ಲ ಅಂತಲೇ ನನ್ನ ಅಂದಾಜು, ಆದರೂ ನೋಡಿಯೇ ಸ್ಟಾರ್ಟ್ ಮಾಡಿ. ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಹತ್ತಿರ ಪೈಪ್‌ನ ಕ್ಲಾಂಪ್ ಸಡಿಲಿಸಿ ಆ ತುದಿಯನ್ನು ಬಿಚ್ಚಿ. ಟಾರ್ಚ್ ಹಾಕಿ ಥ್ರಾಟಲ್ ಚಿಟ್ಟೆ (ಅದರೊಳಗಿನ ತಿರುಗುವ ತಟ್ಟೆ) ಸುತ್ತ ಮತ್ತು ಪೈಪ್ ಬಾಗಿದ ಜಾಗದಲ್ಲಿ ನೀರು ನಿಂತಿದೆಯಾ ನೋಡಿ. ಒಣಗಿದ್ದರೆ ಅಥವಾ ಬರೀ ಹನಿ ಇದ್ದರೆ ಒರೆಸಿ, ಪೈಪ್ ಜೋಡಿಸಿ, ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ ಸ್ಟಾರ್ಟ್ ಮಾಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅಲ್ಲೇ ನಿಲ್ಲಿಸಿ.

ಅಲ್ಲಿ ನೀರು ನಿಂತಿದ್ದರೆ ಬೇರೆ ಕಥೆ. ಆಗ ನಾಲ್ಕೂ ಪ್ಲಗ್ ಬಿಚ್ಚಬೇಕು. ಇಂಜೆಕ್ಟರ್ ಫ್ಯೂಸ್ ತೆಗೆದು ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್‌ಗಳ ಕನೆಕ್ಟರ್ ಕಳಚಿದ ಮೇಲೆ ಸೆಲ್ಫ್ ಹೊಡೆಯಬೇಕು. ನೀರು ಪ್ಲಗ್ ತೂತಿನಿಂದ ಚಿಮ್ಮಿ ಬರುತ್ತದೆ, ಮುಖ ಬಗ್ಗಿಸಿಕೊಂಡು ನಿಲ್ಲಬೇಡಿ.

ಇಷ್ಟು ಹೆದರಿಸುವುದು ಯಾಕೆ ಅಂದರೆ, ನಿಮ್ಮ ಒಂದೊಂದು ಸಿಲಿಂಡರ್ 375 ಸಿಸಿ. ಕಂಪ್ರೆಷನ್ 10:1 (ಸಿಲಿಂಡರ್‌ನ ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಒತ್ತುವುದು) ಅಂತ ಇಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಹತ್ತಿರ ಹತ್ತಿರ 42 ಸಿಸಿ. ಅಂದರೆ ಎಂಟು ಟೀ ಚಮಚ ನೀರು. ಅದಕ್ಕಿಂತ ಜಾಸ್ತಿ ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ದಾರಿಯೇ ಇಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕೊನೆಗೆ ಬಗ್ಗುವುದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್. 16:1 ಇರುವ ಡೀಸೆಲ್ ಆದರೆ ಅಷ್ಟೇ ದೊಡ್ಡ ಸಿಲಿಂಡರ್‌ಗೆ ಬರೀ 25 ಸಿಸಿ ಸಾಕು.

ಟಾರ್ಕ್ ತಮ್ಮಯ್ಯ:
ಸುಮ್ನೆ ಕಿತ್ತು ಬಿಸಾಕಿ ಗುರು ಆ ಪೈಪನ್ನು. ಕಂಪನಿಯವರು ಗಾಳಿ ಎಳೆಯುವ ಬಾಯಿಯನ್ನು ಬಾನೆಟ್ ಮಟ್ಟಕ್ಕೆ ಇಟ್ಟು, ಏರ್ ಬಾಕ್ಸ್ ತಳಕ್ಕೆ ನೀರು ಇಳಿಯಲು ತೂತು ಬಿಟ್ಟಿರುತ್ತಾರೆ, ಅದೇನು ತಮಾಷೆಗಾ? ಅದನ್ನು ತೆಗೆದು ಫಿಲ್ಟರನ್ನು ರಸ್ತೆಯಿಂದ ಒಂದು ಅಡಿ ಎತ್ತರದಲ್ಲಿ ತೂಗುಹಾಕಿ, ಆಮೇಲೆ ನೀರು ಬಂತು ಅಂದರೆ ಹೇಗೆ. ಸ್ವಲ್ಪ ಮಳೆ ಬಂದರೂ ವ್ಯಾಕ್ಯೂಮ್ ಕ್ಲೀನರ್ ಥರ ರಸ್ತೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಗುವ ಪವರ್ ಏನು, ಬರೀ ಸದ್ದು.

ಲೀನ್ ಮಿಕ್ಸ್ಚರ್:
@ತಮ್ಮಯ್ಯ, ಸದ್ದಿನ ವಿಷಯದಲ್ಲಿ ನಿಮ್ಮ ಪರ. ರಸ್ತೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ ಅನ್ನುವುದನ್ನು ಒಪ್ಪಲ್ಲ, ಈ ಮಾತು ಎಲ್ಲ ಕಡೆ ಓಡಾಡುತ್ತಿರುತ್ತದೆ. ಫಿಲ್ಟರ್‌ಗೆ ಗಾಳಿ ಸಿಗುತ್ತಿರುವ ತನಕ ಥ್ರಾಟಲ್‌ಗಿಂತ ಮುಂಚಿನ ಪೈಪಿನಲ್ಲಿ ಎಳೆತ ತುಂಬಾ ಕಮ್ಮಿ. 1 ಕಿಲೋಪ್ಯಾಸ್ಕಲ್ ಎಳೆತ ಅಂದರೆ ನೀರನ್ನು ಸುಮಾರು 10 ಸೆಂಟಿಮೀಟರ್ ಎತ್ತುವಷ್ಟು ಮಾತ್ರ. ಎಂಜಿನ್‌ಗೆ ಗಾಳಿ ಸುಲಭವಾಗಿ ಸಿಗುವಾಗ ನೀರನ್ನು ಯಾಕೆ ಎಳೆಯುತ್ತದೆ? ಫಿಲ್ಟರ್ ಪೂರ್ತಿ ಮುಳುಗಿತು ಅಂದುಕೊಳ್ಳಿ, ಗಾಳಿ ಬರುವ ದಾರಿಯೇ ಮುಚ್ಚಿತು, ಮ್ಯಾನಿಫೋಲ್ಡ್‌ನ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆ) ವ್ಯಾಕ್ಯೂಮ್ ಎಲ್ಲ ನೀರಿನ ಮೇಲೆಯೇ ಬೀಳುತ್ತದೆ, ಅದು ನೀರನ್ನು ಮೀಟರ್‌ಗಟ್ಟಲೆ ಮೇಲಕ್ಕೆ ಎಳೆಯಬಲ್ಲದು. ಹಾಗಾಗಿ ಅಪಾಯ ಮಳೆಯಲ್ಲಿಲ್ಲ, ಮುಳುಗುವುದರಲ್ಲಿದೆ.

ತುಂತುರಿನಂತೆ ಹೋದ ನೀರು ಒಳಗೆ ಆವಿಯಾಗಿ ಹೊಗೆ ಕೊಳವೆಯಲ್ಲಿ ಹೋಗುತ್ತದೆ. ಎರಡನೇ ಮಹಾಯುದ್ಧದ ವಿಮಾನಗಳ ಎಂಜಿನ್‌ಗೆ ಬೇಕು ಅಂತಲೇ ನೀರು ಸಿಂಪಡಿಸುತ್ತಿದ್ದರು. 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲೂ ಅದೇ ವ್ಯವಸ್ಥೆ ಇದೆ.

@ಭೀಮ, ಜರ್ಕ್ ಹೊಡೆದದ್ದು ಬಹುಶಃ ಏರ್ ಫ್ಲೋ ಸೆನ್ಸರ್‌ನಿಂದ, ನಿಮ್ಮ ಗಾಡಿಯಲ್ಲಿ ಅದು ಪೈಪ್ ಮೇಲೆಯೇ ಕೂತಿದ್ದರೆ. ಅದರೊಳಗೆ ಬಿಸಿ ತಂತಿ ಇರುತ್ತದೆ, ತಂತಿ ಎಷ್ಟು ತಣ್ಣಗಾಯಿತು ಅನ್ನುವುದರ ಮೇಲೆ ಎಷ್ಟು ಗಾಳಿ ಬಂತು ಅಂತ ಲೆಕ್ಕ. ಅದರ ಮೇಲೆ ಒಂದು ಹನಿ ಬಿದ್ದರೂ ಇದ್ದಕ್ಕಿದ್ದಂತೆ ಜಾಸ್ತಿ ಗಾಳಿ ಬಂತು ಅಂದುಕೊಂಡು ಎಂಜಿನ್ ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರ್ ಹಾಕಿ ಕೋಡ್ ಓದಿಸಿ, ಪಿ0101 (ಈ ಸೆನ್ಸರ್‌ನ ರೀಡಿಂಗ್ ಸರಿಯಿಲ್ಲ ಅನ್ನುವ ಕೋಡ್) ಬಂದರೆ ಇದೇ ಅಂತ ಮೊದಲು ಅನುಮಾನ ಪಡಬಹುದು. ಸೆನ್ಸರ್‌ಗೆ ಅಂತಲೇ ಸಿಗುವ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಬಟ್ಟೆ, ಬೆರಳು ಯಾವುದೂ ತಾಗಬಾರದು.

ಹಳೇ ಸ್ಪ್ಯಾನರ್:
ಒಂದು ಸೇರಿಸುತ್ತೇನೆ. ಚಕ್ರದ ಅರ್ಧ ಬಂದಿಲ್ಲ ಅಂದರೂ, ಅದು ನಿಂತ ನೀರಿನ ಲೆಕ್ಕ. ಗಾಡಿ ನುಗ್ಗಿದಾಗ ಬಂಪರ್ ಮುಂದೆ ಅಲೆ ಏಳುತ್ತದೆ, ಎದುರಿಗೆ ದೊಡ್ಡ ಗಾಡಿ ಬಂದರೆ ಅದರ ಅಲೆಯೂ ಸೇರುತ್ತದೆ. ಫಾಗ್ ಲ್ಯಾಂಪ್ ಮಟ್ಟದ ಫಿಲ್ಟರ್ ಒಂದು ಕ್ಷಣ ಮುಳುಗಲು ಅಷ್ಟು ಸಾಕು. ಅಂದ ಹಾಗೆ ಚಕ್ರದ ಕಮಾನಿನೊಳಗಿನ ಪ್ಲಾಸ್ಟಿಕ್ ಲೈನರ್ ವಾಪಸ್ ಹಾಕಿದ್ದಾರಾ? ಇಂಟೇಕ್ ಕೂರಿಸುವಾಗ ಅಡ್ಡ ಬರುತ್ತದೆ ಅಂತ ಕೆಲವರು ಕತ್ತರಿಸಿ ಬಿಡುತ್ತಾರೆ.

ಬಂಪರ್ ಭೀಮ:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಚಕ್ರ ತಿರುಗಿಸಿ ನೋಡಿದೆ, ಲೈನರ್‌ನ ಮುಂದಿನ ತುಂಡು ಇಲ್ಲವೇ ಇಲ್ಲ, ಕ್ಲಿಪ್ ಕೂರುವ ತೂತುಗಳು ಮಾತ್ರ ಖಾಲಿ ಇವೆ. ಟೈರ್‌ಗೂ ಫಿಲ್ಟರ್‌ಗೂ ಮಧ್ಯೆ ಅಡ್ಡ ಏನೂ ಇಲ್ಲ! ಹಾಕಿಕೊಟ್ಟ ಗ್ಯಾರೇಜಿನವರು ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಥ್ರಾಟಲ್ ಕಡೆ ಬಿಚ್ಚಿ ನೋಡಿದೆ, ಒಣಗಿದೆ. ಆಯಿಲ್ ಜೇನು ಬಣ್ಣದಲ್ಲೇ ಇದೆ. ಸ್ಟಾರ್ಟ್ ಮಾಡಿದೆ, ಐಡಲ್ ನೆಟ್ಟಗಿದೆ. ಕೋಡ್ ಪಿ0101. ಫಿಲ್ಟರನ್ನು ಹೇರ್ ಡ್ರೈಯರ್‌ನಿಂದ ಒಣಗಿಸಲಾ? ಮತ್ತೆ ಆ ಬೈಪಾಸ್ ವಾಲ್ವ್ ಅಂತ ಮಾರುತ್ತಾರಲ್ಲ, ಅದು ಕೆಲಸ ಮಾಡುತ್ತದಾ?

ಲೀನ್ ಮಿಕ್ಸ್ಚರ್:
ಡ್ರೈಯರ್ ಬೇಡ, ಏರ್ ಗನ್ನೂ ಬೇಡ, ಇಂಥ ಫಿಲ್ಟರ್‌ನ ಹತ್ತಿಯ ಎಳೆ ಹರಿಯುತ್ತದೆ. ಮರಳಿದೆ ಅಂದಿರಿ, ಆ ಫಿಲ್ಟರ್‌ಗೆ ಅಂತಲೇ ಇರುವ ಕ್ಲೀನರ್ ಹಾಕಿ, ಒಳಗಿನಿಂದ ಹೊರಕ್ಕೆ ನೀರು ಬಿಟ್ಟು ತೊಳೆದು, ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಆಮೇಲೆ ಧೂಳು ಹಿಡಿಯಲು ಅದಕ್ಕೆ ಎಣ್ಣೆ ಹಚ್ಚುವಾಗ ಕೈ ಬಿಗಿ ಇರಲಿ. ಜಾಸ್ತಿಯಾದರೆ ಅದೇ ಸೆನ್ಸರ್ ತಂತಿಗೆ ಹೋಗಿ ಮೆತ್ತಿಕೊಳ್ಳುತ್ತದೆ, ಮತ್ತೆ ಅದೇ ಲೈಟ್.

ಬೈಪಾಸ್ ವಾಲ್ವ್ ಕೆಲಸ ಮಾಡುತ್ತದೆ, ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಫಿಲ್ಟರ್ ಮುಳುಗಿ ಎಳೆತ ಜಾಸ್ತಿಯಾದಾಗ ಅದರ ರಬ್ಬರ್ ತೆರೆದುಕೊಂಡು ಅಲ್ಲಿಂದಲೇ ಗಾಳಿ ಬಿಡುತ್ತದೆ. ಹಾಗಾಗಿ ಅದು ಪೈಪಿನ ಮೇಲ್ಭಾಗದಲ್ಲಿ, ನೀರು ಮುಟ್ಟದ ಎತ್ತರದಲ್ಲಿ ಇರಬೇಕು. ಫಿಲ್ಟರ್ ಪಕ್ಕದಲ್ಲೇ ಕೂರಿಸಿದರೆ ಎರಡೂ ಒಟ್ಟಿಗೆ ಮುಳುಗುತ್ತವೆ, ದುಡ್ಡು ದಂಡ. ಟರ್ಬೊ ಗಾಡಿಗೆ ಇದು ಆಗುವುದಿಲ್ಲ. ನಿಮ್ಮದಕ್ಕೆ ಟರ್ಬೊ ಇಲ್ಲವಲ್ಲ, ಆ ತೊಂದರೆ ಇಲ್ಲ.

ಟಾರ್ಕ್ ತಮ್ಮಯ್ಯ:
ಅಷ್ಟೆಲ್ಲ ಯಾಕೆ, ಪೈಪ್ ಕತ್ತರಿಸಿ ಫಿಲ್ಟರನ್ನು ಬಾನೆಟ್ ಒಳಗೇ ಇಡಬಹುದಲ್ಲ?

ಲೀನ್ ಮಿಕ್ಸ್ಚರ್:
ಇಡಬಹುದು, ನೀರಿನ ಭಯ ಹೋಗುತ್ತದೆ. ಆದರೆ ಎಂಜಿನ್ ಬಿಸಿಯನ್ನೇ ಉಸಿರಾಡುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಶೇಕಡಾ 3ರಷ್ಟು ಇಳಿಯುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಬಾನೆಟ್ ಒಳಗಿನ ಗಾಳಿ ಹೊರಗಿಗಿಂತ ಎಷ್ಟು ಬಿಸಿ ಇರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆಮೇಲೆ ಕೋಲ್ಡ್ ಏರ್ ಅನ್ನುವುದು ಎಲ್ಲಿ ಉಳಿಯಿತು?

ಹಳೇ ಸ್ಪ್ಯಾನರ್:
ಭೀಮ, ನನ್ನ ಪ್ರಕಾರ ಮೊದಲು ಹೊಸ ಲೈನರ್. ಫಿಲ್ಟರ್‌ಗೆ ಬೇಕಾದಷ್ಟು ಮಾತ್ರ ಬಿಡಿಸಿಕೊಂಡು ಉಳಿದದ್ದು ಹಾಗೇ ಇರಲಿ, ಟೈರ್ ಎರಚುವ ಕೆಸರು, ಮರಳು ಎಲ್ಲ ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ನೀರು ತಡೆಯುವ ಬಟ್ಟೆಯ ಕವರ್ ಫಿಲ್ಟರ್‌ಗೆ ಹಾಕಿ. ನೆನಪಿರಲಿ, ಕವರ್ ತುಂತುರು ತಡೆಯುತ್ತದೆ, ಮುಳುಗಿದರೆ ಅದರಿಂದ ಏನೂ ಆಗುವುದಿಲ್ಲ. ಏರ್ ಬಾಕ್ಸ್ ಇಟ್ಟುಕೊಂಡಿದ್ದರೆ ಮಳೆಗಾಲಕ್ಕೆ ಅದನ್ನೇ ವಾಪಸ್ ಹಾಕಿಸುವುದು ಇನ್ನೂ ಒಳ್ಳೆಯದು, ಅರ್ಧ ದಿನದ ಕೆಲಸವೂ ಅಲ್ಲ. ನೀರಿರುವ ಕಡೆ ಎಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯದೆ ತಳ್ಳಿಸಿ ಹೊರಗೆ ತನ್ನಿ. ಇನ್ನು ಮುಂದಿನ ಕೆಲವು ವಾರ ಎಂಜಿನ್‌ನಿಂದ ಹೊಸದಾಗಿ ಟಕ್ ಟಕ್ ಸದ್ದು ಬಂದರೆ, ಅಥವಾ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆದರೆ, ಕಂಪ್ರೆಷನ್ ಟೆಸ್ಟ್ (ಒಂದೊಂದು ಸಿಲಿಂಡರ್‌ನ ಒತ್ತಡ ಅಳೆಯುವುದು) ಮಾಡಿಸಿ. ರಾಡ್ ಸ್ವಲ್ಪವೇ ಬಗ್ಗಿದ್ದರೆ ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ, ಆ ಸಿಲಿಂಡರ್‌ನ ಅಂಕಿ ಉಳಿದ ಮೂರಕ್ಕಿಂತ ಕಮ್ಮಿ ತೋರಿಸುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಲೈಟ್ ಕ್ಲಿಯರ್ ಮಾಡಿಸಿ ಓಡಿಸಿ.